ಕರೆಂಟು ಹೋದ ಪಿರಿಯಡ್ಡು

ಊಟದ ಮೇಲಿನ ಪಿರಿಯಡ್ಡು. ಬಿ.ಎ. ನಾಲ್ಕನೆಯ ಸೆಮಿಸ್ಟರು.
ಕೇಳು, ಮಾತಾಡು, ಓದು, ಬರೆ,
ನಾಲ್ಕನ್ನೂ ಬೇರೆ ಬೇರೆ ಕಲಿಸಬೇಡ, ಒಂದರೊಳಗೊಂದು ಕಲಿಸು
ಎನ್ನುತ್ತದೆ ಪಠ್ಯಕ್ರಮ.
ಹೇಗೆ ಎಂದು ಮಾತ್ರ ಹೇಳುವುದಿಲ್ಲ.

ಇಪ್ಪತ್ತು ಹೆಡ್‌ಫೋನುಗಳಲ್ಲಿ ಹನ್ನೊಂದಕ್ಕೆ ಒಂದೇ ಕಿವಿ.
ಇಬ್ಬರಿಗೊಂದು ಹಂಚಿ ಗುಂಡಿ ಒತ್ತಿದೆ.
ಯಾವುದೋ ದೇಶದ ಹೆಂಗಸು ಯಾವುದೋ ರೈಲಿಗೆ ಟಿಕೆಟ್ಟು ಕೇಳುತ್ತಾಳೆ.
ಹೋಗಿ ಬರುವುದಕ್ಕೋ, ಬರೀ ಹೋಗುವುದಕ್ಕೋ
ಎಂದು ಗುಮಾಸ್ತ ಅನ್ನುವಷ್ಟರಲ್ಲಿ
ಕರೆಂಟು ಹೋಯಿತು.
ಆಕೆ ಹೋದಳೋ ಉಳಿದಳೋ,
ರೈಲು ಬಾರದ ಇಳಕಲ್ಲಿನಲ್ಲಿ ಯಾರಿಗೂ ಗೊತ್ತಿಲ್ಲ.

ಫ್ಯಾನು ನಿಂತಿತು. ನಿಂತ ಮೇಲೆ ತಿಳಿಯಿತು
ಹೊರಗೂ ಏನೋ ನಿಂತಿದೆ ಎಂದು.
ಮುಂಜಾನೆಯಿಂದ ಓಣಿತುಂಬ ಒದರುತ್ತಿದ್ದ ಪಾವರ್‌ಲೂಮುಗಳೆಲ್ಲ
ಒಮ್ಮೆಲೇ ಬಾಯಿ ಮುಚ್ಚಿವೆ.
ಆ ಮೌನದ ತಳದಿಂದ
ಖಟ್.
ಆಮೇಲೆ, ಚೂರು ತಡವಾಗಿ,
ಖಟ್.

"ಸರ್, ಅದು ಕೈಮಗ್ಗ" ಅಂದ ಹಿಂದಿನ ಬೆಂಚಿನ ಇಮಾಂಹುಸೇನ,
ಎರಡು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಅವನ ಮೊದಲ ಮಾತು.
"ಏನ್ ಕೇಳ್ತೀರಿ ಅದನ್ನ ಬರ್ಕೊಳ್ರಿ" ಅಂದೆ.
"ಇಂಗ್ಲೀಷಿನಾಗ."
ಇಂಗ್ಲೀಷಿನಾಗ ಅಂದಕೂಡಲೇ
ಪೆನ್ನುಗಳು ತಲೆ ತಗ್ಗಿಸಿದವು.

ನಾನೂ ಹೀಗೇ ತಗ್ಗಿಸಿದವನು,
ಹುನಗುಂದದ ಬಸ್ಸಿಗೆ ದಿನಾ ಬರುವ ಅತಿಥಿ ಉಪನ್ಯಾಸಕ.
(ಅತಿಥಿ ಅನ್ನುತ್ತಾರೆ. ಸಂಬಳ ಬರುವುದೂ ಅತಿಥಿಯ ಹಾಗೇ, ತಿಥಿಯಿಲ್ಲದೆ.)
ಧಾರವಾಡದ ಮೊದಲ ಸಂದರ್ಶನದಲ್ಲಿ
ನಿಮ್ಮ ಬಗ್ಗೆ ಹೇಳಿ ಅಂದಾಗ
ವ್ಯಾಕರಣವೆಲ್ಲ ಬಾಯಲ್ಲಿತ್ತು,
ನಾನು ಇರಲಿಲ್ಲ.

ಚೌಡೇಶ್ವರಿ ಸಪ್ಪರದ ಎದ್ದು ಹಾಳೆ ಓದಿದಳು:
ದ ಲೂಮ್ ಈಸ್ ಟಾಕಿಂಗ್. ನೌ ಇಟ್ ಈಸ್ ಸ್ಟಾಪ್.
ಮೈ ಮದರ್ ಈಸ್ ಜಾಯಿನಿಂಗ್.

ಹೌದು, ಹೊರಗೆ ಖಟ್ ನಿಂತಿತ್ತು.
"ನಿಮ್ಮವ್ವನ ಮಗ್ಗ ಅಂತ ಹೆಂಗ ಗೊತ್ತು?"
"ಎಡಗಾಲು ನೋಯ್ತದ್ರಿ ಆಕೀದು. ಎರಡನೇದು ತಡಾ ಬೀಳ್ತದ."

ಏನನ್ನ ಜಾಯಿನಿಂಗ್ ಅಂದರೆ ಇಂಗ್ಲೀಷು ಬರಲಿಲ್ಲ,
ಬೆರಳು ಬಂದವು. ಗಾಳಿಯಲ್ಲೇ ಎಳೆ ಹಿಡಿದಳು.
"ಮೈ ಹತ್ತಿದು, ಸೆರಗು ರೇಷ್ಮಿದು. ಎರಡರ ಹಾಸೂ ಬ್ಯಾರೆ.
ಒಂದೊಂದ ಎಳಿ ಹಿಡದು ಕೊಂಡಿ ಹಾಕ್ಬೇಕ್ರಿ.
ಆವಾಗ ಮನ್ಯಾಗ ಯಾರೂ ಮಾತಾಡಂಗಿಲ್ಲ."

ಕೊಂಡಿಗೆ ಇಂಗ್ಲೀಷಿನಲ್ಲಿ ಏನು?
ಸಂಗಯ್ಯ ಗಣಾಚಾರಿ ಡಿಕ್ಷನರಿ ತೆರೆದು ನಾಟ್ ಅಂದ.
"ನೋ. ನಾಟ್ ಈಸ್ ಗಂಟು. ಗಂಟು ವಿಲ್ ಕ್ಯಾಚ್ ಇನ್ ಹಣಿಗಿ!"
ಹುಕ್ ಅಂದರು. ಲೂಪ್ ಅಂದರು.
ಲೂಪ್ ಈಸ್ ಓನ್ಲಿ ಒನ್, ಸರ್, ಕೊಂಡಿ ಈಸ್ ಟೂ
ಅಂದ ಇಮಾಂಹುಸೇನ, ಎರಡನೆಯ ಮಾತು,
ಎರಡೂ ಕೈಯ ಕಿರುಬೆರಳು ಒಂದಕ್ಕೊಂದು ಸಿಕ್ಕಿಸಿ.
ಜಗಳ. ಅರ್ಧ ಆ ಭಾಷೆ, ಅರ್ಧ ಈ ಭಾಷೆ.
ಯಾರೂ ನನ್ನನ್ನು ಕೇಳಲಿಲ್ಲ, ಪುಣ್ಯಕ್ಕೆ.
ಕೇಳಿದ್ದರೆ ನನಗೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟು. ಓಣಿ ಮತ್ತೆ ಒದರತೊಡಗಿತು,
ಕಂಪ್ಯೂಟರು ಎದ್ದು ಪಾಸ್‌ವರ್ಡು ಕೇಳಿತು,
ಆ ಒಂದು ಕಾಲಿನ ಸದ್ದು ಎಲ್ಲೋ ಅಡಿಗೆ ಹೋಯಿತು.

ವರ್ಕ್‌ಡೈರಿಯಲ್ಲಿ ನಾಲ್ಕು ಚೌಕ. ಒಂದಕ್ಕೆ ಮಾತ್ರ ಟಿಕ್ ಮಾಡಿ.
ಖಾಲಿ ಬಿಟ್ಟೆ. ಚಹಾ ಕುಡಿಯದೆ ಹಾಳೆ ತಿದ್ದುತ್ತ ಕೂತೆ.
ಈಸ್ ಸ್ಟಾಪ್ ತಪ್ಪು, ಹ್ಯಾಸ್ ಸ್ಟಾಪ್ಡ್,
ಕೆಂಪು ಶಾಯಿಯಲ್ಲಿ.

ಬಾಗಿಲಲ್ಲಿ ಚೌಡೇಶ್ವರಿ:
"ಸರ್, ಹ್ಯಾಸ್ ಸ್ಟಾಪ್ಡ್ ಅಂದ್ರ ಮುಗದಂಗಲ್ಲೇನ್ರಿ?
ನಿಂತದ, ಆದ್ರ ಕೈ ಇನ್ನೂ ನಡದದ, ಸದ್ದಿಲ್ಲ ಅಷ್ಟ,
ಅದಕ್ಕೇನಂತಾರ?"

ನಾಳೆ ಹೇಳುತ್ತೇನೆ ಅಂದೆ.
ಐದೂವರೆಯ ಬಸ್ಸು ತಪ್ಪಿತು.
ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ, ಆದ್ರ.